ಒಂದೇ ವಿಷಯ, ನಾಲ್ಕು ವಿಭಾಗ: ದೊಡ್ಡ ವಿಶ್ವವಿದ್ಯಾಲಯದಲ್ಲಿ ಎಲ್ಲಿ ಸೇರಬೇಕು?

ಯಂತ್ರಕಲಿಕೆ (ಮೆಷಿನ್ ಲರ್ನಿಂಗ್) ಓದಬೇಕೆಂದು ಹೊರಟವರು ದೊಡ್ಡ ವಿಶ್ವವಿದ್ಯಾಲಯವೊಂದರ ಜಾಲತಾಣ ತೆರೆದರೆ ಆ ವಿಷಯ ಕನಿಷ್ಠ ನಾಲ್ಕು ಕಡೆ ಸಿಗುತ್ತದೆ: ಕಂಪ್ಯೂಟರ್ ವಿಜ್ಞಾನ, ಸಂಖ್ಯಾಶಾಸ್ತ್ರ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಗಣಿತ. ಭಾಷೆಯ ಮೇಲೆ ಸಂಶೋಧನೆ ಮಾಡಬೇಕೆನ್ನುವವರಿಗೆ ಭಾಷಾವಿಜ್ಞಾನ, ಮನೋವಿಜ್ಞಾನ, ಮಾನವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಇಷ್ಟೂ ಬಾಗಿಲುಗಳಿವೆ. ಹವಾಮಾನ ಅಂದರೆ ಭೌತವಿಜ್ಞಾನ, ಭೂಗೋಳ, ಸಿವಿಲ್, ಅರ್ಥಶಾಸ್ತ್ರ. ಬಹಳಷ್ಟು ಜನ ವಿಭಾಗದ ಹೆಸರು ಮತ್ತು ರ‍್ಯಾಂಕಿಂಗ್ ನೋಡಿ ಅರ್ಜಿ ಹಾಕುತ್ತಾರೆ. ಮುಂದಿನ ಎರಡರಿಂದ ಆರು ವರ್ಷ ದಿನನಿತ್ಯ ಏನು ಮಾಡುತ್ತಾ ಕೂರುತ್ತೀರಿ ಎಂಬುದನ್ನು ಅವೆರಡೂ ಹೇಳುವುದಿಲ್ಲ. ಅದನ್ನು ತಿಳಿಯಲು ಬೇರೆ ಮೂರು ದಾಖಲೆ ಬೇಕು: ಹಿಂದಿನ ಮೂರು ವರ್ಷಗಳ ಟೈಮ್‌ಟೇಬಲ್, ಅಧ್ಯಾಪಕರ ಇತ್ತೀಚಿನ ಪೇಪರ್‌ಗಳು, ಆ ವಿಭಾಗದಲ್ಲಿ ಮುಗಿದ ಥೀಸಿಸ್‌ಗಳು. ಮೂರೂ ಹೆಚ್ಚಿನ ಕಡೆ ಯಾರಿಗೆ ಬೇಕಾದರೂ ಸಿಗುತ್ತವೆ. ಒಂದು ವಿಭಾಗಕ್ಕೆ ಎರಡು ಸಂಜೆ ಮೀಸಲಿಟ್ಟರೆ ಸಾಕು.

ಮೊದಲೇ ಒಂದು ಮಾತು. ಸ್ನಾತಕೋತ್ತರ ಪದವಿಗೆ ಹೋಗುವವರಿಗೆ ಟೈಮ್‌ಟೇಬಲ್ ಮುಖ್ಯ, ಗೈಡ್ ಆಮೇಲೆ. ಪಿಎಚ್‌ಡಿಗೆ ಹೋಗುವವರಿಗೆ ಇದು ತಿರುವುಮುರುವು. ಕೋರ್ಸ್ ಚೆನ್ನಾಗಿಲ್ಲದಿದ್ದರೆ ಪುಸ್ತಕ ಹಿಡಿದು ಓದಿಕೊಳ್ಳಬಹುದು, ಗೈಡ್ ಸರಿಯಿಲ್ಲದಿದ್ದರೆ ಅದಕ್ಕೆ ಬದಲಿ ಪುಸ್ತಕವಿಲ್ಲ. ಮುಂದೆ ಹೇಳುವುದನ್ನೆಲ್ಲ ಈ ತೂಕಕ್ಕೆ ತಕ್ಕಂತೆ ಓದಿಕೊಳ್ಳಿ.

ಒಂದೇ ವಸ್ತುವಿಗೆ ಮೂರು ಹೆಸರು

ದತ್ತಾಂಶ ಕಡಿಮೆಯಿದ್ದು ಮಾದರಿಯ ಗುಣಾಂಕಗಳು ಸಿಕ್ಕಾಪಟ್ಟೆ ಹಿಗ್ಗಿದಾಗ, ಅವುಗಳ ವರ್ಗಗಳ ಮೊತ್ತಕ್ಕೆ ದಂಡ ಹಾಕಿ ತಗ್ಗಿಸುವ ಒಂದು ಉಪಾಯವಿದೆ. ಗಣಿತ ವಿಭಾಗದಲ್ಲಿ ಇದಕ್ಕೆ ಟಿಖೊನೊವ್ ರೆಗ್ಯುಲರೈಸೇಷನ್ ಎಂದು ಹೆಸರು. ದತ್ತಾಂಶ ಚೂರು ಅಲುಗಿದರೆ ಉತ್ತರ ಎಷ್ಟು ಅಲುಗುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಸಂಖ್ಯಾಶಾಸ್ತ್ರದಲ್ಲಿ 1970ರಿಂದ ಇದೇ ರಿಜ್ ರಿಗ್ರೆಷನ್. ಅಂದಾಜು ತುಸು ಓರೆಯಾದರೂ ಪರವಾಗಿಲ್ಲ, ಅದರ ಏರಿಳಿತ ಎಷ್ಟು ಇಳಿಯುತ್ತದೆ ಎಂದು ಅವರು ಕೇಳುತ್ತಾರೆ. ನರಜಾಲಗಳನ್ನು (ನ್ಯೂರಲ್ ನೆಟ್‌ವರ್ಕ್) ತರಬೇತಿಗೊಳಿಸುವವರ ಬಾಯಲ್ಲಿ ಇದು ವೆಯ್ಟ್ ಡಿಕೇ, ಅಂದರೆ ಪ್ರತಿ ಹೆಜ್ಜೆಗೂ ತೂಕಗಳನ್ನು ಸ್ವಲ್ಪ ಕುಗ್ಗಿಸುವುದು. ತಪ್ಪು ಕಡಿಮೆಯಾಗುವ ದಿಕ್ಕಿಗೆ ಹೆಜ್ಜೆ ಹೆಜ್ಜೆಯಾಗಿ ಸಾಗುವ ಸಾದಾ ಗ್ರೇಡಿಯಂಟ್ ಡಿಸೆಂಟ್‌ನಲ್ಲಿ ದಂಡ ಹಾಕುವುದು, ತೂಕ ಕುಗ್ಗಿಸುವುದು ಎರಡೂ ಒಂದೇ ಲೆಕ್ಕ. ಪ್ರತಿ ತೂಕಕ್ಕೂ ಹೆಜ್ಜೆಯ ಅಳತೆ ಬೇರೆ ಮಾಡುವ ಆಡಮ್‌ನಂಥ ವಿಧಾನ ಬಳಸಿದರೆ ಬೇರೆಯಾಗುತ್ತವೆ. ಈ ವ್ಯತ್ಯಾಸವನ್ನು ಸಿಲಬಸ್ಸಿನಲ್ಲೇ ಎತ್ತಿ ಹೇಳುವ ಕೋರ್ಸ್ ಸಿಕ್ಕಿದರೆ ಅದನ್ನು ಗುರುತು ಮಾಡಿಟ್ಟುಕೊಳ್ಳಿ.

ಇಂಥದ್ದು ಒಂದೇ ಅಲ್ಲ. 1901ರಲ್ಲಿ ಕಾರ್ಲ್ ಪಿಯರ್ಸನ್ ಶುರು ಮಾಡಿದ, ಹಲವು ಅಳತೆಗಳನ್ನು ಕೆಲವೇ ಮುಖ್ಯ ದಿಕ್ಕುಗಳಿಗೆ ಇಳಿಸುವ ಪ್ರಿನ್ಸಿಪಲ್ ಕಾಂಪೊನೆಂಟ್ ವಿಶ್ಲೇಷಣೆ ಸಿಗ್ನಲ್ ಪಾಠದಲ್ಲಿ ಕಾರ್ಹುನೆನ್-ಲೋಯೆವ್ ಪರಿವರ್ತನೆ, ಹವಾಮಾನ ವಿಜ್ಞಾನದಲ್ಲಿ ಎಂಪಿರಿಕಲ್ ಆರ್ಥೊಗೊನಲ್ ಫಂಕ್ಷನ್. ಗದ್ದಲವಿರುವ ಅಳತೆಗಳಿಂದ ನಿಜಸ್ಥಿತಿಯನ್ನು ಅಂದಾಜಿಸುವ 1960ರ ಕಾಲ್ಮನ್ ಫಿಲ್ಟರ್ ಎಲೆಕ್ಟ್ರಿಕಲ್‌ನಲ್ಲಿ ಕಂಟ್ರೋಲ್ ಕೋರ್ಸಿನೊಳಗಿರುತ್ತದೆ, ಅರ್ಥಶಾಸ್ತ್ರದಲ್ಲಿ ಸ್ಟೇಟ್-ಸ್ಪೇಸ್ ಮಾದರಿಗಳ ಅಧ್ಯಾಯದಲ್ಲಿ. ಹಾಗಾಗಿ ಕೋರ್ಸ್ ಹುಡುಕುವಾಗ ಒಂದೇ ಪದ ಹಾಕಿ ‘ಇಲ್ಲಿ ಇದಿಲ್ಲ’ ಎಂದು ಮುಚ್ಚಿಬಿಡಬೇಡಿ. ನಿಮ್ಮ ವಿಷಯದ ಒಂದು ಒಳ್ಳೆಯ ಸಮೀಕ್ಷಾ ಲೇಖನ ತೆಗೆದು, ಅದರಲ್ಲಿ ಬರುವ ಪರ್ಯಾಯ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದನ್ನೂ ಇಡೀ ವಿಶ್ವವಿದ್ಯಾಲಯದ ಕ್ಯಾಟಲಾಗಿನಲ್ಲಿ ಹಾಕಿ ನೋಡಿ. ನೀವು ಎಣಿಸಿಯೇ ಇರದ ವಿಭಾಗವೊಂದು ಎದ್ದು ಬರುವುದುಂಟು.

ಯಂತ್ರಕಲಿಕೆ: ನಾಲ್ಕು ವಿಭಾಗಗಳನ್ನು ಎದುರುಬದುರು ಇಟ್ಟರೆ

ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಮೊದಲ ವರ್ಷ ಸಂಭವನೀಯತೆ, ಅನುಮಾನ (ಇನ್‌ಫರೆನ್ಸ್) ಸಿದ್ಧಾಂತ, ರೇಖೀಯ ಮಾದರಿಗಳು. ಪಿಎಚ್‌ಡಿಯಾದರೆ ಸಂಭವನೀಯತೆಯ ಗಣಿತದ ಬುನಾದಿಯಾದ ಮೆಷರ್ ಥಿಯರಿಯೂ ಸೇರುತ್ತದೆ. ಸೇರಿದ ಮೇಲೆ ಪಿಎಚ್‌ಡಿ ಮುಂದುವರಿಸಲು ಪಾಸಾಗಬೇಕಾದ ಅರ್ಹತಾ ಪರೀಕ್ಷೆ ಬರುವುದು ಇವುಗಳ ಮೇಲೆಯೇ, ನರಜಾಲದ ಮೇಲಲ್ಲ. ಇಲ್ಲಿ ಫಲಿತಾಂಶ ಎನಿಸಿಕೊಳ್ಳಬೇಕಾದರೆ ಅಂದಾಜಿನ ಜೊತೆ ಅದರ ಅನಿಶ್ಚಿತತೆಯನ್ನೂ ಹೇಳಬೇಕು. ವೈದ್ಯಕೀಯ, ಕೃಷಿ, ಸಮೀಕ್ಷೆಗಳ ನಿಜವಾದ ದತ್ತಾಂಶದ ಜೊತೆ ಕೆಲಸ ಮಾಡಬೇಕೆನ್ನುವವರಿಗೆ ಈ ತರಬೇತಿಗೆ ಸಮನಾದದ್ದು ಇನ್ನೊಂದಿಲ್ಲ. ಕೋಡ್ ಬರೆಯುವ ಶಿಸ್ತನ್ನು ಮಾತ್ರ ನೀವೇ ಕಲಿತುಕೊಳ್ಳಬೇಕಾಗಬಹುದು.

ಕಂಪ್ಯೂಟರ್ ವಿಜ್ಞಾನದಲ್ಲಿ ಅಲ್ಗಾರಿದಮ್, ಸಿಸ್ಟಮ್ಸ್, ಕಾಂಪ್ಲೆಕ್ಸಿಟಿ ಮೊದಲು. ಲೆಸ್ಲಿ ವ್ಯಾಲಿಯಂಟ್ 1984ರಲ್ಲಿ ಮುಂದಿಟ್ಟ ಪ್ಯಾಕ್ ಕಲಿಕೆಯ ಸಿದ್ಧಾಂತ ಇಲ್ಲಿನ ಮನೆಮಾತು. ಎಷ್ಟು ಉದಾಹರಣೆ ಸಾಕು, ಎಷ್ಟು ಸಮಯದಲ್ಲಿ ಕಲಿಯಬಹುದು ಎಂದು ಕೇಳುವ ಬಗೆ ಅದು. ಪ್ರಕಟಣೆ ಹೆಚ್ಚಾಗಿ ಸಮ್ಮೇಳನಗಳಲ್ಲಿ. ವರ್ಷದುದ್ದಕ್ಕೂ ನಿಗದಿತ ಗಡುವುಗಳಿರುತ್ತವೆ, ಗುಂಪಿನ ಬದುಕು ಆ ಗಡುವುಗಳ ಸುತ್ತಲೇ ಸುತ್ತುತ್ತದೆ. ಗಡುವಿನ ಒತ್ತಡ ಒಗ್ಗದವರು ಇದನ್ನು ಮೊದಲೇ ಯೋಚಿಸಿಕೊಳ್ಳಬೇಕು. ಗಣಕಶಕ್ತಿಯ ಪ್ರಶ್ನೆಯೂ ಇದೆ: ದೊಡ್ಡ ಮಾದರಿಗಳ ಮೇಲೆ ಕೆಲಸ ಮಾಡುವ ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಜಿಪಿಯು (ಮಾದರಿಗಳನ್ನು ತರಬೇತಿಗೊಳಿಸುವ ವೇಗದ ಚಿಪ್) ಸಿಗುತ್ತದೆ, ಸರತಿ ಎಷ್ಟು ಉದ್ದ ಎಂದು ಕೇಳದೆ ಸೇರಬಾರದು.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಅನ್ನು ಈ ಲೆಕ್ಕದಲ್ಲಿ ಜನ ಮರೆಯುತ್ತಾರೆ, ಮರೆಯಬಾರದು. 1948ರಲ್ಲಿ ಕ್ಲಾಡ್ ಶಾನನ್ ಕಟ್ಟಿದ ಇನ್ಫರ್ಮೇಷನ್ ಥಿಯರಿ, ಸಿಗ್ನಲ್ ಪ್ರೊಸೆಸಿಂಗ್, ಆಪ್ಟಿಮೈಸೇಷನ್, ಕಂಟ್ರೋಲ್ ಹೆಚ್ಚಾಗಿ ಈ ವಿಭಾಗದ ಸೂರಿನಡಿಯಲ್ಲೇ ಇರುತ್ತವೆ. ಧ್ವನಿ, ಚಿತ್ರ, ರೋಬಾಟ್, ಸಂವೇದಕಗಳ ಜೊತೆ ಕೆಲಸ ಮಾಡಬೇಕೆನ್ನುವವರಿಗೆ ಇಲ್ಲಿನ ಗಣಿತವೇ ನೇರ ಉಪಯೋಗ. ಇನ್ನು ಗಣಿತ ವಿಭಾಗ: ಪ್ರಮೇಯ ಸಾಧಿಸುವುದರಲ್ಲೇ ತೃಪ್ತಿ ಕಾಣುವವರಿಗೆ ಮಾತ್ರ. ಅರ್ಹತಾ ಪರೀಕ್ಷೆಯಲ್ಲಿ ಅನಾಲಿಸಿಸ್, ಬೀಜಗಣಿತ, ಟೋಪಾಲಜಿ ಬರಬಹುದು. ನಿಮ್ಮ ಆಸಕ್ತಿಗೂ ಟೋಪಾಲಜಿಗೂ ಸಂಬಂಧವಿಲ್ಲದಿದ್ದರೂ ಅದನ್ನು ಪಾಸು ಮಾಡಲೇಬೇಕು.

ಅರ್ಹತಾ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಲವು ವಿಭಾಗಗಳು ತಮ್ಮ ತಾಣದಲ್ಲೇ ಹಾಕಿರುತ್ತವೆ. ನಾಲ್ಕು ವಿಭಾಗಗಳ ಎರಡೆರಡು ಪತ್ರಿಕೆ ಇಳಿಸಿಕೊಂಡು ಮುಂದಿಟ್ಟುಕೊಳ್ಳಿ. ಉತ್ತರ ಗೊತ್ತಿರಬೇಕಾಗಿಲ್ಲ. ಯಾವ ಪತ್ರಿಕೆಯ ಪ್ರಶ್ನೆಗಳ ಮುಂದೆ ಆರು ತಿಂಗಳು ಕೂರಲು ಮನಸ್ಸು ಒಪ್ಪುತ್ತದೆ ಎಂದು ನೋಡಿ. ಕರಪತ್ರಗಳಲ್ಲಿ ನಾಲ್ಕೂ ವಿಭಾಗ ‘ದತ್ತಾಂಶ’, ‘ಬುದ್ಧಿಮತ್ತೆ’ ಎಂಬ ಅದದೇ ಪದ ಬಳಸುತ್ತವೆ. ವಿಭಾಗದ ನಿಜವಾದ ಒಲವು ಕಾಣುವುದು ಪ್ರಶ್ನೆಪತ್ರಿಕೆಯಲ್ಲಿ.

ಭಾಷೆಯ ವಿಷಯದಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿ ಪುರಾವೆ ಎಂದು ಕರೆಯುವ ವಸ್ತುವೇ ಬೇರೆ. ಭಾಷಾವಿಜ್ಞಾನದಲ್ಲಿ ಭಾಷಿಕರ ತೀರ್ಪು ಮತ್ತು ಧ್ವನಿಮುದ್ರಣ. ಒಂದು ಭಾಷೆಯ ಪೂರ್ಣ ವ್ಯಾಕರಣವೇ ಥೀಸಿಸ್ ಆಗಬಹುದು. ಮನೋವಿಜ್ಞಾನದಲ್ಲಿ ಮಿಲಿಸೆಕೆಂಡುಗಳಲ್ಲಿ ಅಳೆದ ಪ್ರತಿಕ್ರಿಯೆ, ಕಣ್ಣಿನ ಚಲನೆ, ಮಿದುಳಿನ ಅಲೆ. ವಾಕ್ಯಕ್ಕೆ ಹೊಂದದ ಪದ ಬಂದಾಗ ಸುಮಾರು 400 ಮಿಲಿಸೆಕೆಂಡಿಗೆ ಕಾಣುವ ಎನ್‌400 ಅಲೆ 1980ರಲ್ಲಿ ವರದಿಯಾದದ್ದು ಇಂಥ ಪ್ರಯೋಗದಿಂದ. ಕಂಪ್ಯೂಟರ್ ವಿಜ್ಞಾನದಲ್ಲಿ ಕಾರ್ಪಸ್, ಅಂದರೆ ಪಠ್ಯಗಳ ದೊಡ್ಡ ಸಂಗ್ರಹ, ಮತ್ತು ಪರೀಕ್ಷೆಗಳಲ್ಲಿ ಮಾದರಿಗಳು ಗಳಿಸಿದ ಅಂಕ. ಮಾನವಶಾಸ್ತ್ರದಲ್ಲಿ ಒಂದು ಸಮುದಾಯದ ನಡುವೆ ಕಳೆದ ದೀರ್ಘ ಕಾಲ, ಎಷ್ಟೋ ಸಲ ವರ್ಷಕ್ಕೂ ಹೆಚ್ಚು. ಮನುಷ್ಯರ ಜೊತೆ ಮಾಡುವ ಕೆಲಸಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ಒಂದು ವರ್ಷದ ಸ್ನಾತಕೋತ್ತರದಲ್ಲಿ ಕ್ಷೇತ್ರಕಾರ್ಯ ಇಟ್ಟುಕೊಂಡವರು ಸೋಲುವುದು ಹೆಚ್ಚಾಗಿ ಇಲ್ಲೇ: ಒಪ್ಪಿಗೆ ಕೈಗೆ ಬರುವಷ್ಟರಲ್ಲಿ ಸಲ್ಲಿಕೆಯ ದಿನ ಹತ್ತಿರವಾಗಿರುತ್ತದೆ.

ಕ್ಯಾಟಲಾಗ್ ಬೇರೆ, ಟೈಮ್‌ಟೇಬಲ್ ಬೇರೆ

ಕೋರ್ಸ್ ಕ್ಯಾಟಲಾಗ್ ಅಂದರೆ ವಿಭಾಗ ಎಂದಾದರೂ ಕಲಿಸಲು ಅನುಮತಿ ಪಡೆದಿರುವ ಪಾಠಗಳ ಪಟ್ಟಿ, ಅಷ್ಟೇ. ನಿವೃತ್ತರಾದವರೊಬ್ಬರು ಕಟ್ಟಿದ ಕೋರ್ಸ್ ಅವರ ನಂತರವೂ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಪಟ್ಟಿಯಿಂದ ತೆಗೆಯಲು ಸಮಿತಿ ಸೇರಬೇಕು, ಬಿಟ್ಟರೆ ಯಾರಿಗೂ ಕೆಲಸವಿಲ್ಲ. ಹಾಗಾಗಿ ಹೋಲಿಕೆಗೆ ಕ್ಯಾಟಲಾಗ್ ಬಳಸಬೇಡಿ. ಹಿಂದಿನ ಆರು ಸೆಮಿಸ್ಟರ್‌ಗಳ ಟೈಮ್‌ಟೇಬಲ್ ತೆಗೆಯಿರಿ. ಈಗಿನ ಪುಟದಲ್ಲಿ ಹಳೆಯದು ಸಿಗದಿದ್ದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಅದೇ ವಿಳಾಸ ಹಾಕಿ ನೋಡಿ, ಬಹಳ ಸಲ ಸಿಗುತ್ತದೆ.

ನಿಮಗೆ ಬೇಕಾದ ಹತ್ತು ಕೋರ್ಸ್‌ಗಳನ್ನು ಎಡಕ್ಕೆ ಬರೆದು, ಆರು ಸೆಮಿಸ್ಟರ್‌ಗಳನ್ನು ಅಡ್ಡಸಾಲಿನಲ್ಲಿ ಹಾಕಿ, ನಡೆದ ಕಡೆ ಕಲಿಸಿದವರ ಹೆಸರು ತುಂಬಿ. ಮೂರು ವರ್ಷದಲ್ಲಿ ಒಮ್ಮೆಯೂ ಬರದ ಕೋರ್ಸನ್ನು ಹೊಡೆದುಹಾಕಿ. ಒಮ್ಮೆ ಮಾತ್ರ ಬಂದದ್ದನ್ನು ಅರ್ಧ ಎಂದು ಎಣಿಸಿ. ಎರಡು ವರ್ಷದ ಪದವಿಯಲ್ಲಿ ಅದು ನಿಮ್ಮ ಪಾಲಿಗೆ ಬರದೇ ಹೋಗಬಹುದು. ಪ್ರತಿ ಸಲವೂ ಒಬ್ಬರೇ ಕಲಿಸಿದ್ದರೆ ಪಕ್ಕದಲ್ಲಿ ಗುರುತು ಹಾಕಿ: ಅವರು ರಜೆ ಹಾಕಿದ ವರ್ಷ ಕೋರ್ಸೂ ರಜೆ. ಸಬ್ಯಾಟಿಕಲ್ ಎಂಬ ಪದವೇ ಏಳನೆಯದರ ವಿಶ್ರಾಂತಿ ಎಂಬ ಅರ್ಥದಿಂದ ಬಂದದ್ದು, ಅನೇಕ ಕಡೆ ಆರು ವರ್ಷ ಕಲಿಸಿದವರಿಗೆ ಏಳನೆಯ ವರ್ಷ ಈ ರಜೆ ಸಿಗುತ್ತದೆ. ಆರು ವರ್ಷದಿಂದ ಬಿಡದೆ ಕಲಿಸುತ್ತಿರುವವರು ಕಂಡರೆ ‘ಮುಂದಿನ ವರ್ಷ ಇರುತ್ತೀರಾ’ ಎಂದು ನೇರವಾಗಿ ಕೇಳಬಹುದು. ಅದರಲ್ಲಿ ಅಗೌರವವೇನೂ ಇಲ್ಲ.

ಎಣಿಕೆ ತಪ್ಪುವ ಜಾಗಗಳು ಇನ್ನೂ ಇವೆ. ಒಂದೇ ತರಗತಿಗೆ ಎರಡು ವಿಭಾಗಗಳ ಎರಡು ಕೋರ್ಸ್ ಸಂಖ್ಯೆ ಇರುತ್ತದೆ, ಕೊಠಡಿ ಮತ್ತು ಸಮಯ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಎರಡೆಂದು ಎಣಿಸಬೇಡಿ. ‘ವಿಶೇಷ ವಿಷಯಗಳು’ ಎಂಬ ಸಂಖ್ಯೆಯಡಿ ಪ್ರತಿ ಸಲ ಬೇರೆ ಪಾಠ ನಡೆಯುತ್ತದೆ. ಸಂಶೋಧನೆಗೆ ಹತ್ತಿರದ, ಹೊಸ ಪಾಠಗಳು ಹೆಚ್ಚಾಗಿ ಇಲ್ಲೇ ಹುಟ್ಟುವುದರಿಂದ ಶೀರ್ಷಿಕೆಗಳನ್ನು ಒಂದೊಂದಾಗಿ ಓದಲೇಬೇಕು. ಬೇರೆ ವಿಭಾಗದ ಕೋರ್ಸ್ ನಿಮಗೆ ತೆರೆದಿದೆಯೇ ಎಂಬುದು ಇನ್ನೊಂದು. ‘ಯಾರು ಬೇಕಾದರೂ ತೆಗೆದುಕೊಳ್ಳಬಹುದು’ ಎಂದು ನಿಯಮ ಹೇಳಿದರೂ ಸೀಟುಗಳು ಮೊದಲು ಸ್ವಂತ ವಿದ್ಯಾರ್ಥಿಗಳಿಗೆ ಹೋಗುತ್ತವೆ. ಕಂಪ್ಯೂಟರ್ ವಿಜ್ಞಾನದಂಥ ನೂಕುನುಗ್ಗಲಿನ ವಿಭಾಗದಲ್ಲಿ ಉಳಿಯುವುದು ಕಾಯುವ ಪಟ್ಟಿ ಮಾತ್ರ. ಆ ವಿಭಾಗದ ಪಾಠಗಳನ್ನೇ ನಂಬಿ ಪಕ್ಕದ ವಿಭಾಗಕ್ಕೆ ಸೇರುವ ಯೋಜನೆ ಮುರಿಯುವುದು ಇಲ್ಲಿ. ಕಳೆದ ಸೆಮಿಸ್ಟರ್‌ನಲ್ಲಿ ಹೊರಗಿನವರು ಎಷ್ಟು ಮಂದಿ ಆ ಕೋರ್ಸಿನಲ್ಲಿದ್ದರು ಎಂದು ವಿಭಾಗದ ಕಚೇರಿಗೆ ಬರೆದು ಕೇಳಿ.

ಪೂರ್ವಾಪೇಕ್ಷೆಗಳ ಸರಪಳಿಯನ್ನು ಕಾಗದದ ಮೇಲೆ ಬಿಡಿಸಿ. ಮೆಷರ್ ಥಿಯರಿ ಆದಮೇಲೆ ಸಂಭವನೀಯತೆ, ಅದಾದಮೇಲೆ ಸ್ಟೊಕಾಸ್ಟಿಕ್ ಪ್ರಕ್ರಿಯೆಗಳು: ನಾಲ್ಕು ಸೆಮಿಸ್ಟರ್‌ನ ಪದವಿಯಲ್ಲಿ ಮೂರು ಇದಕ್ಕೇ ಹೋದವು. ಮೊದಲನೆಯದು ವರ್ಷಕ್ಕೊಮ್ಮೆ ಮಾತ್ರ ನಡೆಯುವುದಾದರೆ ಅದರಲ್ಲಿ ಫೇಲಾದವರು ಒಂದು ವರ್ಷ ಕಾಯಬೇಕು, ಸರಪಳಿಯ ಕೊನೆ ಪದವಿಯ ಆಚೆಗೆ ಬೀಳುತ್ತದೆ. ಎರಡು ವಿಭಾಗಗಳಲ್ಲಿ ಒಂದೇ ಕೋರ್ಸ್ ಇದ್ದು ಒಂದರಲ್ಲಿ ಸರಪಳಿ ಎರಡು ಕೊಂಡಿ, ಇನ್ನೊಂದರಲ್ಲಿ ನಾಲ್ಕು ಕೊಂಡಿಯಾದರೆ ಅವು ಒಂದೇ ಕೋರ್ಸ್ ಅಲ್ಲ.

ಕ್ರೆಡಿಟ್ ಲೆಕ್ಕವನ್ನು ಗಂಟೆಗೆ ಇಳಿಸದೆ ಹೋಲಿಸಲಾಗದು. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣ ಓದು 60 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ ತರಗತಿ, ಓದು, ಪರೀಕ್ಷೆ ಎಲ್ಲ ಸೇರಿ 25ರಿಂದ 30 ಗಂಟೆ. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್ಟಿಗೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು. ಅಂದರೆ ಅಮೆರಿಕದ 3 ಕ್ರೆಡಿಟ್ ಕೋರ್ಸ್ ಸುಮಾರು 135 ಗಂಟೆ, ಯುರೋಪಿನ 6 ಕ್ರೆಡಿಟ್ 150ರಿಂದ 180 ಗಂಟೆ. ಎರಡಕ್ಕೆ ಒಂದು ಎಂಬ ರೂಢಿಯ ಪರಿವರ್ತನೆ ಬಂದದ್ದು ಹೀಗೆ. ಇದಕ್ಕಿಂತ ಮುಖ್ಯ, ನಿಮ್ಮ ಇಷ್ಟಕ್ಕೆ ಉಳಿಯುವ ಪಾಲು. 120 ಇಸಿಟಿಎಸ್‌ನ ಎರಡು ಪದವಿಗಳನ್ನು ಇಟ್ಟುಕೊಳ್ಳಿ, ಎರಡರಲ್ಲೂ ಥೀಸಿಸ್‌ಗೆ 30. ಒಂದರಲ್ಲಿ ಕಡ್ಡಾಯ ಪಾಠ 60, ಇನ್ನೊಂದರಲ್ಲಿ 30. ಮೊದಲನೆಯದರಲ್ಲಿ ಆಯ್ಕೆಗೆ ಉಳಿಯುವುದು ತಲಾ ಆರು ಕ್ರೆಡಿಟ್ಟಿನ ಐದು ಕೋರ್ಸ್, ಎರಡನೆಯದರಲ್ಲಿ ಹತ್ತು. ಬುನಾದಿ ಗಟ್ಟಿಯಿಲ್ಲದವರಿಗೆ ಮೊದಲನೆಯದೇ ಒಳ್ಳೆಯದು. ಏನು ಬೇಕೆಂದು ಗೊತ್ತಿರುವವರಿಗೆ ಎರಡನೆಯದು.

ಅಧ್ಯಾಪಕರ ಪಟ್ಟಿಯನ್ನು ಸೋಸುವುದು

ದೊಡ್ಡ ವಿಭಾಗದ ಪುಟದಲ್ಲಿ 60 ಹೆಸರಿರಬಹುದು. ನಿಮಗೆ ಗೈಡ್ ಆಗಬಲ್ಲವರು ಅದರಲ್ಲಿ ಎಷ್ಟು ಜನ? ಎಮೆರಿಟಸ್ ಆದವರು, ಅಂದರೆ ನಿವೃತ್ತರಾಗಿ ಗೌರವ ಪದನಾಮ ಉಳಿಸಿಕೊಂಡವರು, ಸಾಮಾನ್ಯವಾಗಿ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲ. ಬೋಧನೆಗೆಂದೇ ನೇಮಕವಾದವರಿಗೆ, ಅತಿಥಿ ಅಧ್ಯಾಪಕರಿಗೆ, ಬೇರೆ ವಿಭಾಗದಿಂದ ‘ಸಂಯೋಜಿತ’ ಎಂದು ಸೇರಿದವರಿಗೆ ಮುಖ್ಯ ಗೈಡ್ ಆಗಿ ಸಹಿ ಹಾಕುವ ಅಧಿಕಾರವಿದೆಯೇ ಎಂಬುದು ಆಯಾ ಕಡೆಯ ನಿಯಮ. ಆಡಳಿತದ ಹುದ್ದೆಯಲ್ಲಿರುವವರಿಗೆ ಅಧಿಕಾರವಿದ್ದರೂ ಹೊತ್ತಿರುವುದಿಲ್ಲ. ಇಷ್ಟನ್ನು ತೆಗೆದ ಮೇಲೆ ಉಳಿದವರಲ್ಲಿ ನಿಮ್ಮ ವಿಷಯದವರು ಎಷ್ಟೆಂದು ಎಣಿಸಿ. ಮೂವರಿದ್ದರೆ ಆ ವಿಭಾಗ ಗಟ್ಟಿ. ಒಬ್ಬರೇ ಇದ್ದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಅವರು ಬೇರೆಡೆ ಹೋದರೆ ನಿಮ್ಮ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಸೇರಬೇಕು.

ವಿಭಾಗದ ಪುಟದಲ್ಲಿ ಬರೆದ ‘ಸಂಶೋಧನಾ ಆಸಕ್ತಿ’ ಎಷ್ಟೋ ಸಲ ನೇಮಕದ ದಿನ ಬರೆದದ್ದು. ನೋಡಬೇಕಾದ್ದು ಹಿಂದಿನ ಐದು ವರ್ಷಗಳ ಪ್ರಕಟಣೆ. ಕಂಪ್ಯೂಟರ್ ವಿಜ್ಞಾನಕ್ಕೆ ಡಿಬಿಎಲ್‌ಪಿ, ಜೀವವಿಜ್ಞಾನ ಮತ್ತು ವೈದ್ಯಕೀಯಕ್ಕೆ ಪಬ್‌ಮೆಡ್, ಗಣಿತಕ್ಕೆ ಝಡ್‌ಬಿಮ್ಯಾತ್ ಓಪನ್, ಭೌತವಿಜ್ಞಾನ ಮತ್ತು ಗಣಿತಕ್ಕೆ 1991ರಿಂದ ನಡೆಯುತ್ತಿರುವ ಆರ್ಕೈವ್ (arXiv) ಎಂಬ ಪ್ರೀಪ್ರಿಂಟ್ ಭಂಡಾರ, ಅಂದರೆ ಪತ್ರಿಕೆಯಲ್ಲಿ ಬರುವ ಮೊದಲೇ ಹಾಕುವ ಪೇಪರ್‌ಗಳ ಸಂಗ್ರಹ. ಒಂದೇ ಹೆಸರಿನವರು ಹಲವರಿದ್ದರೆ ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಇದೆಯೇ ನೋಡಿ. ಗೂಗಲ್ ಸ್ಕಾಲರ್ ಎಲ್ಲವನ್ನೂ ಒಂದೆಡೆ ತರುತ್ತದೆ, ಬೇರೆಯವರ ಪೇಪರ್‌ಗಳನ್ನೂ ಅಷ್ಟೇ ಸುಲಭವಾಗಿ ಸೇರಿಸಿಬಿಡುತ್ತದೆ.

ಲೇಖಕರ ಹೆಸರಿನ ಕ್ರಮ ಓದಲು ಬರದಿದ್ದರೆ ಈ ಪಟ್ಟಿಗಳು ದಾರಿ ತಪ್ಪಿಸುತ್ತವೆ. ಪ್ರಯೋಗಾಲಯ ವಿಜ್ಞಾನಗಳಲ್ಲಿ ಕೆಲಸದ ಬಹುಪಾಲು ಮಾಡಿದವರು ಮೊದಲು, ಲ್ಯಾಬಿನ ಮುಖ್ಯಸ್ಥರು ಕೊನೆ. ಹಾಗಾಗಿ ಜೀವವಿಜ್ಞಾನದ ಗೈಡೊಬ್ಬರ ಹೆಸರು ಕೊನೆಯಲ್ಲಿದೆಯೇ, ಮೊದಲಲ್ಲಿ ಅವರ ವಿದ್ಯಾರ್ಥಿಗಳಿದ್ದಾರೆಯೇ ನೋಡಬೇಕು. ನಡುವಿನಲ್ಲೇ ಇರುವವರು ಬೇರೆಯವರ ಯೋಜನೆಗಳಿಗೆ ಕೈಜೋಡಿಸುತ್ತಿದ್ದಾರೆ ಎಂದರ್ಥ. ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಹೆಚ್ಚಾಗಿ ಅಕ್ಷರಾನುಕ್ರಮ, ಅಲ್ಲಿ ಕ್ರಮದಿಂದ ಏನೂ ತಿಳಿಯದು. ಕಣ ಭೌತವಿಜ್ಞಾನದ್ದು ಬೇರೆಯೇ ಲೋಕ: 2015ರಲ್ಲಿ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ಗುಂಪುಗಳು ಸೇರಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಬರೆದ ಪೇಪರಿಗೆ 5,154 ಲೇಖಕರು. ಅಲ್ಲಿ ಪಟ್ಟಿಯನ್ನು ಬಿಟ್ಟು, ಗುಂಪಿನೊಳಗೆ ಅವರು ನಡೆಸಿದ ವಿಶ್ಲೇಷಣೆ ಯಾವುದೆಂದು ಕೇಳಬೇಕು. ಇತಿಹಾಸ, ಸಾಹಿತ್ಯದಂಥ ವಿಭಾಗಗಳಲ್ಲಿ ಪುಸ್ತಕವೇ ಮುಖ್ಯ. ಐದು ವರ್ಷದಲ್ಲಿ ಎರಡೇ ಲೇಖನ ಕಂಡರೆ ಸುಮ್ಮನಿದ್ದಾರೆ ಎಂದುಕೊಳ್ಳಬೇಡಿ, ಪುಸ್ತಕ ಬರೆಯುತ್ತಿರಬಹುದು.

ಉಲ್ಲೇಖಗಳನ್ನು ಎಣಿಸುವ ಎಚ್-ಇಂಡೆಕ್ಸ್ ಬಗ್ಗೆ ಕೇಳುವವರು ಬಹಳ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ ಅದು. ಎಚ್ 20 ಅಂದರೆ ತಲಾ ಕನಿಷ್ಠ 20 ಸಲ ಉಲ್ಲೇಖಗೊಂಡ 20 ಪೇಪರ್ ಇವೆ ಎಂದು. ವಯಸ್ಸಾದಂತೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಉಲ್ಲೇಖ ಹೆಚ್ಚು ಮಾಡುವ ವೈದ್ಯಕೀಯದ ಸಂಖ್ಯೆಯನ್ನು ಕಡಿಮೆ ಮಾಡುವ ಗಣಿತದ ಸಂಖ್ಯೆಯ ಪಕ್ಕ ಇಡುವುದಕ್ಕೆ ಅರ್ಥವೇ ಇಲ್ಲ. ಒಂದೇ ಉಪಕ್ಷೇತ್ರದ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರನ್ನು ಹೋಲಿಸುವುದಾದರೂ ಅದು ಅವರ ಹೆಸರಿನ ಅಳತೆ. ನಿಮ್ಮ ಡ್ರಾಫ್ಟನ್ನು ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಎಂಬುದು ಅದರಲ್ಲಿ ಇರುವುದಿಲ್ಲ.

ಮುಗಿದ ಥೀಸಿಸ್‌ಗಳು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು, ಎಲ್ಲರೂ ಬಿಟ್ಟುಹೋಗುವ ಜಾಗವೂ ಇದೇ. ವಿಶ್ವವಿದ್ಯಾಲಯದ ಗ್ರಂಥಾಲಯದ ಥೀಸಿಸ್ ಭಂಡಾರದಲ್ಲಿ ಗೈಡ್ ಹೆಸರಿನಿಂದ ಹುಡುಕಿ. ಹಿಂದಿನ ಎಂಟು ಹತ್ತು ವರ್ಷಗಳಲ್ಲಿ ಅವರ ಕೈಕೆಳಗೆ ಎಷ್ಟು ಮುಗಿದಿವೆ? ಸೇರಿದ ವರ್ಷ ತಿಳಿದರೆ ಎಷ್ಟು ವರ್ಷಕ್ಕೊಂದು ಮುಗಿಯುತ್ತದೆ? ಅಧ್ಯಾಯಗಳು ಮೊದಲೇ ಪೇಪರ್‌ಗಳಾಗಿ ಹೊರಬಂದವೇ, ಬಂದಿದ್ದರೆ ಮೊದಲ ಲೇಖಕರು ಆ ವಿದ್ಯಾರ್ಥಿಯೇ? ಶೀರ್ಷಿಕೆಗಳನ್ನು ಒಂದರ ಕೆಳಗೊಂದು ಬರೆದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಎಲ್ಲವೂ ಒಂದೇ ವಿಧಾನವನ್ನು ಬೇರೆ ಬೇರೆ ದತ್ತಾಂಶಕ್ಕೆ ಹಚ್ಚಿದ್ದಾದರೆ, ಅಲ್ಲಿ ವಿಷಯ ಗೈಡ್ ಕೊಡುತ್ತಾರೆ. ಒಂದಕ್ಕೊಂದು ದೂರವಿದ್ದರೆ ವಿದ್ಯಾರ್ಥಿ ತಾನೇ ಆರಿಸಿಕೊಳ್ಳುತ್ತಾನೆ. ಎರಡರಲ್ಲಿ ಯಾವುದೂ ತಪ್ಪಲ್ಲ. ನಿಮಗೆ ಹೊಂದುವುದು ಯಾವುದು ಎಂಬುದನ್ನು ನೀವೇ ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು.

ಕೃತಜ್ಞತೆಯ ಪುಟ ಓದಿ. ಗೈಡಿಗೆ ಒಂದು ಸಾಲಿನ ಔಪಚಾರಿಕ ವಂದನೆ, ಹಿರಿಯ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ಕೆಲಸ ಮಾಡುವ ಸಂಶೋಧಕ) ಒಬ್ಬರಿಗೆ ಅರ್ಧ ಪುಟ ಇದ್ದರೆ, ದಿನನಿತ್ಯ ಕೈ ಹಿಡಿದು ನಡೆಸಿದವರು ಯಾರೆಂದು ಗೊತ್ತಾಯಿತು. ಆ ಪೋಸ್ಟ್‌ಡಾಕ್ ಈಗಲೂ ಅಲ್ಲಿದ್ದಾರೆಯೇ ಎಂಬುದು ಮುಂದಿನ ಪ್ರಶ್ನೆ.

ಭಂಡಾರದಲ್ಲಿ ಕಾಣುವುದು ಮುಗಿಸಿದವರು ಮಾತ್ರ. ಬಿಟ್ಟುಹೋದವರನ್ನು ಕಾಣಲು ಲ್ಯಾಬಿನ ‘ಸದಸ್ಯರು’ ಪುಟದ ಹಳೆಯ ಪ್ರತಿಗಳನ್ನು ವೇಬ್ಯಾಕ್ ಮೆಷಿನ್‌ನಲ್ಲಿ ವರ್ಷಕ್ಕೊಂದರಂತೆ ತೆರೆಯಿರಿ. ಎರಡು ವರ್ಷ ಪಿಎಚ್‌ಡಿ ವಿದ್ಯಾರ್ಥಿ ಎಂದಿದ್ದು, ಆಮೇಲೆ ಪುಟದಿಂದ ಮಾಯವಾಗಿ, ಭಂಡಾರದಲ್ಲೂ ಸಿಗದ ಹೆಸರುಗಳನ್ನು ಎಣಿಸಿ. ಒಂದಿಬ್ಬರು ಎಲ್ಲಿಯೂ ಇರುತ್ತಾರೆ: ಕೆಲಸ ಸಿಕ್ಕಿ, ಊರು ಬದಲಾಗಿ, ಮನಸ್ಸು ಬದಲಾಗಿ ಹೋದವರು. ಸೇರಿದವರಲ್ಲಿ ಅರ್ಧದಷ್ಟು ಹೀಗೆ ಹೋಗಿದ್ದರೆ ಅಲ್ಲಿಗೆ ಅರ್ಜಿ ಹಾಕುವ ಮೊದಲು ಹೋದವರಲ್ಲಿ ಒಬ್ಬರನ್ನಾದರೂ ಮಾತನಾಡಿಸಲೇಬೇಕು.

ಹಣ ಎಲ್ಲಿಂದ, ಎಲ್ಲಿಯವರೆಗೆ

ಪ್ರಯೋಗಾಲಯ ವಿಭಾಗಗಳಲ್ಲಿ ನೀವು ಸೇರುವುದು ಬಹುಮಟ್ಟಿಗೆ ಒಬ್ಬ ಗೈಡಿನ ಅನುದಾನಕ್ಕೆ. ಸಿದ್ಧಾಂತದ ವಿಭಾಗಗಳಲ್ಲಿ ಸೇರುವುದು ವಿಭಾಗಕ್ಕೆ, ಗೈಡ್ ಆಮೇಲೆ, ಹಣ ಬೋಧನಾ ಸಹಾಯಕ ಕೆಲಸದಿಂದ. ಅನುದಾನ ಮುಗಿದರೆ ವಿಷಯವೇ ಬದಲಾಗಬಹುದು ಎಂಬುದು ಮೊದಲನೆಯದರ ಅಪಾಯ. ವಾರದ ಎಷ್ಟೋ ಗಂಟೆ ಉತ್ತರಪತ್ರಿಕೆ ತಿದ್ದುವುದರಲ್ಲೇ ಹೋಗುತ್ತದೆ ಎಂಬುದು ಎರಡನೆಯದರ ಬೆಲೆ. ಅನುದಾನದ ಮುಕ್ತಾಯದ ದಿನಾಂಕ ಗುಟ್ಟೇನಲ್ಲ: ಯುರೋಪಿನ ಕಾರ್ಡಿಸ್, ಅಮೆರಿಕದ ಎನ್‌ಐಎಚ್ ರಿಪೋರ್ಟರ್‌ನಂಥ ತಾಣಗಳಲ್ಲಿ ಗೈಡ್ ಹೆಸರು ಹಾಕಿದರೆ ಸಿಗುತ್ತದೆ. ಐದು ವರ್ಷದ ಅನುದಾನದ ನಾಲ್ಕನೆಯ ವರ್ಷದಲ್ಲಿ ಸೇರುವವರು ‘ಮುಂದಿನದಕ್ಕೆ ಅರ್ಜಿ ಹಾಕಿದ್ದೀರಾ’ ಎಂದು ಕೇಳಲೇಬೇಕು. ಜೀವವಿಜ್ಞಾನದ ಹಲವು ಕಾರ್ಯಕ್ರಮಗಳಲ್ಲಿ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಕೆಲವು ವಾರ ಕೆಲಸ ಮಾಡಿ ನೋಡುವ ಸರದಿ ಇರುತ್ತದೆ. ಉಳಿದೆಲ್ಲ ಸಮಸಮವಾಗಿದ್ದಾಗ ಸರದಿ ಇರುವ ವಿಭಾಗವನ್ನೇ ಆರಿಸಿ, ತಪ್ಪು ತಿದ್ದಿಕೊಳ್ಳಲು ದಾರಿ ಉಳಿಯುತ್ತದೆ.

ಎರಡು ವಿಭಾಗಗಳ ಜಂಟಿ ಪದವಿ ಕಾಗದದ ಮೇಲೆ ಆಕರ್ಷಕ. ಸೇರುವ ಮೊದಲು ಒಂದೇ ಪ್ರಶ್ನೆ: ಅರ್ಹತಾ ಪರೀಕ್ಷೆ ಒಂದೋ ಎರಡೋ? ಎರಡಾದರೆ, ಎರಡರ ಕಡ್ಡಾಯ ಪಾಠಗಳನ್ನೂ ಕೂಡಿಸಿ ನೋಡಿ. ಎಷ್ಟೋ ಸಲ ಒಂದು ವಿಭಾಗಕ್ಕೆ ಸೇರಿ, ಇನ್ನೊಂದರ ಅಧ್ಯಾಪಕರನ್ನು ಸಹ-ಗೈಡ್ ಮಾಡಿಕೊಂಡರೆ ಅದೇ ಫಲ ಅರ್ಧ ಹೊರೆಯಲ್ಲಿ ಸಿಗುತ್ತದೆ.

ಕೇಳುವುದು, ಆಮೇಲೆ ತೂಗುವುದು

ಈಗಿರುವ ವಿದ್ಯಾರ್ಥಿಗಳನ್ನು ‘ಗೈಡ್ ಹೇಗೆ?’ ಎಂದು ಕೇಳಿದರೆ ‘ಒಳ್ಳೆಯವರು’ ಎಂಬ ಉತ್ತರ ಬಂದೇ ಬರುತ್ತದೆ. ಲೆಕ್ಕ ಸಿಗುವ ಪ್ರಶ್ನೆ ಕೇಳಿ. ಕಳೆದ ತಿಂಗಳು ಎಷ್ಟು ಸಲ ಎದುರು ಕೂತು ಮಾತಾಡಿದಿರಿ? ಕೊನೆಯ ಡ್ರಾಫ್ಟ್ ಎಷ್ಟು ದಿನಕ್ಕೆ ಹಿಂತಿರುಗಿ ಬಂತು? ಗುಂಪಿನಲ್ಲಿ ಕೊನೆಯದಾಗಿ ಯಾರು ಮುಗಿಸಿದರು, ಎಷ್ಟನೆಯ ವರ್ಷಕ್ಕೆ? ಬೇಕಾದ ಕೋರ್ಸ್ ಯಾವುದು ಸಿಗಲಿಲ್ಲ? ಒಬ್ಬರನ್ನಲ್ಲ, ಕನಿಷ್ಠ ಮೂವರನ್ನು ಕೇಳಿ, ಅವರಲ್ಲೊಬ್ಬರು ಕೊನೆಯ ವರ್ಷದವರಾಗಿರಲಿ. ಮೊದಲ ವರ್ಷದವರಿಗೆ ಇನ್ನೂ ಏನೂ ಎದುರಾಗಿರುವುದಿಲ್ಲ. ಗೈಡಿಗೆ ಬರೆಯುವ ಪತ್ರ ಹತ್ತು ಸಾಲು ಮೀರದಿರಲಿ: ಅವರ ಯಾವ ಪೇಪರಿನ ಯಾವ ಭಾಗ ಓದಿದಿರಿ, ಅಲ್ಲಿಂದ ನಿಮಗೆದ್ದ ಪ್ರಶ್ನೆಯೇನು, ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಮೌನವನ್ನು ತಿರಸ್ಕಾರವೆಂದು ಭಾವಿಸಬೇಡಿ.

ಇಷ್ಟಾದ ಮೇಲೆ ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟು ಕೂಡಿಸುವ ರೂಢಿಯಿದೆ. ಅದು ಮೋಸ ಮಾಡುತ್ತದೆ. ಹೆಸರಿಗೆ ಹತ್ತು, ಲ್ಯಾಬಿಗೆ ಹತ್ತು ಬಿದ್ದು, ಗೈಡಿಗೆ ಎರಡು ಬಿದ್ದರೂ ಮೊತ್ತ ಚೆನ್ನಾಗಿ ಕಾಣುತ್ತದೆ. ಬದಲಿಗೆ ಮೊದಲು ತೆಗೆದುಹಾಕಿ. ನಿಮ್ಮ ವಿಷಯದವರು ಒಬ್ಬರೇ ಇದ್ದು ಅವರೂ ನಿವೃತ್ತಿಗೆ ಹತ್ತಿರವಿದ್ದರೆ, ಬೇಕಾದ ಹತ್ತು ಕೋರ್ಸ್‌ಗಳಲ್ಲಿ ನಾಲ್ಕಕ್ಕಿಂತ ಕಡಿಮೆ ನಿಜವಾಗಿ ನಡೆಯುತ್ತಿದ್ದರೆ, ಅರ್ಹತಾ ಪರೀಕ್ಷೆಯ ಪತ್ರಿಕೆ ನೋಡಿ ಮನಸ್ಸು ಹಿಂಜರಿದರೆ, ಆ ವಿಭಾಗ ಪಟ್ಟಿಯಿಂದ ಹೊರಗೆ. ಉಳಿದವು ಎರಡೋ ಮೂರೋ ಆಗಿರುತ್ತವೆ. ಅವುಗಳ ನಡುವೆ ಆರಿಸುವಾಗ ಹೆಸರಾಂತ ಹಿರಿಯರ 20 ಜನರ ಗುಂಪೋ, ಈಗ ತಾನೇ ಸೇರಿದ ಅಧ್ಯಾಪಕರ ಮೂವರ ಗುಂಪೋ ಎಂಬ ಪ್ರಶ್ನೆ ಬರುತ್ತದೆ. ಹಿರಿಯರ ಶಿಫಾರಸು ಪತ್ರಕ್ಕೆ ತೂಕ ಹೆಚ್ಚು, ಸಿಗುವ ಹೊತ್ತು ಕಡಿಮೆ. ಹೊಸಬರು ವಾರಕ್ಕೆರಡು ಸಲ ಕೂತು ಕಲಿಸುತ್ತಾರೆ, ಆದರೆ ಅವರ ನೌಕರಿ ಇನ್ನೂ ಕಾಯಂ ಆಗಿರುವುದಿಲ್ಲ. ತಾನೇ ದಾರಿ ಹುಡುಕಿಕೊಂಡು ಅಭ್ಯಾಸವಿರುವವರಿಗೆ ದೊಡ್ಡ ಗುಂಪು, ಮೊದಲ ಸಲ ಸಂಶೋಧನೆಗೆ ಇಳಿಯುತ್ತಿರುವವರಿಗೆ ಚಿಕ್ಕ ಗುಂಪು. ಜೊತೆಗೆ ಹಿರಿಯರೊಬ್ಬರನ್ನು ಸಹ-ಗೈಡ್ ಆಗಿ ಮೊದಲ ವರ್ಷದಲ್ಲೇ ಬರವಣಿಗೆಯಲ್ಲಿ ಸೇರಿಸಿಕೊಳ್ಳಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನಾಲ್ಕು ಸಂಗತಿಗಳು ಮಿಂಚಂಚೆಯಲ್ಲಾದರೂ ಬರಹದಲ್ಲಿರಲಿ: ಹಣ ಎಷ್ಟು ವರ್ಷಕ್ಕೆ ಖಾತ್ರಿ, ವಾರಕ್ಕೆ ಎಷ್ಟು ಗಂಟೆ ಬೋಧನೆ, ಗೈಡ್ ಬದಲಿಸಬೇಕಾದರೆ ಯಾರ ಅನುಮತಿ ಬೇಕು, ಬೇರೆ ವಿಭಾಗದಲ್ಲಿ ತೆಗೆದುಕೊಂಡ ಎಷ್ಟು ಕ್ರೆಡಿಟ್ ಪದವಿಗೆ ಲೆಕ್ಕಕ್ಕೆ ಬರುತ್ತವೆ. ಕೊನೆಯದನ್ನು ಕೇಳಲು ಬಹುತೇಕರು ಮರೆಯುತ್ತಾರೆ. ಅದಕ್ಕೆ ಮಿತಿಯಿದ್ದರೆ ನಿಮ್ಮ ಹತ್ತು ಕೋರ್ಸ್‌ಗಳ ಪಟ್ಟಿಯನ್ನು ಮತ್ತೊಮ್ಮೆ ತೆಗೆದು, ಹೊರಗಿನ ವಿಭಾಗದವಕ್ಕೆ ಗುರುತು ಹಾಕಿ ಎಣಿಸಿ.